ಹಾಳಾದ ಪ್ರಿಂಟ್ ಬಿಸಾಡುವ ಮೊದಲು ಒಮ್ಮೆ ನೋಡಿ: ಮನೆಯ ಪುಟ್ಟ ಫೋಟೋ ಪ್ರಿಂಟರಿನ ತೊಂದರೆ ಹುಡುಕುವ ಬಗೆ

ಮನೆಯಲ್ಲೇ ಮೊದಲ ಸಲ ಫೋಟೋ ಪ್ರಿಂಟ್ ಹಾಕಿದಾಗ ಅಜ್ಜಿಯ ಕೆನ್ನೆಯ ಮೇಲೆ ಒಂದು ನೀಲಿ ಚುಕ್ಕೆ ಬಂತು. ಇನ್ನೊಂದು ಹಾಕಿದೆ. ಈ ಸಲ ಚುಕ್ಕೆ ಭುಜದ ಹತ್ತಿರ. ಮೂರನೆಯದರಲ್ಲಿ ಎರಡು ಚುಕ್ಕೆ. ಫೈಲ್ ಬದಲಾಯಿಸಿದೆ, ಬಣ್ಣ ತಿದ್ದಿದೆ, ಪ್ರಿಂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಆರು ಹಾಳೆ ಖರ್ಚಾಯಿತು. ಕೊನೆಗೆ ಆರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಉತ್ತರ ಅಲ್ಲೇ ಕಾಣುತ್ತಿತ್ತು. ಚುಕ್ಕೆ ಪ್ರತಿ ಸಲ ಜಾಗ ಬದಲಿಸುತ್ತಿತ್ತು. ಯಂತ್ರದ ದೋಷವಾಗಿದ್ದರೆ ಹಾಳೆಯ ಒಂದೇ ಜಾಗಕ್ಕೆ ಬರಬೇಕಿತ್ತು. ಫೈಲಿನ ದೋಷವಾಗಿದ್ದರೆ ಪ್ರತಿ ಸಲ ಕೆನ್ನೆಯ ಮೇಲೇ ಇರಬೇಕಿತ್ತು. ಎರಡೂ ಅಲ್ಲ. ಅದು ಧೂಳು. ಹಾಳೆಯ ಪ್ಯಾಕ್ ತೆರೆದು ಎರಡು ದಿನ ಮೇಜಿನ ಮೇಲೆ ಹಾಗೇ ಬಿಟ್ಟಿದ್ದೆ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪ್ರಿಂಟ್ ಕೆಟ್ಟರೆ ತಕ್ಷಣ ಇನ್ನೊಂದು ಹಾಕುವುದಿಲ್ಲ. ಕೆಟ್ಟದ್ದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಎರಡು ನಿಮಿಷ ನೋಡುತ್ತೇನೆ. ಈ ಪುಟ್ಟ ಪ್ರಿಂಟರುಗಳಲ್ಲಿ ಚೆನ್ನಾಗಿ ಬಂದ ಫೋಟೋಗೂ ಹಾಳಾದ ಫೋಟೋಗೂ ತಗಲುವ ಖರ್ಚು ಒಂದೇ. ಹಾಗಾಗಿ ನೋಡುವುದಕ್ಕೆ ಕೊಡುವ ಆ ಎರಡು ನಿಮಿಷ ದೊಡ್ಡ ಉಳಿತಾಯ.

ನಿಮ್ಮದು ಯಾವ ಬಗೆಯ ಪ್ರಿಂಟರ್?

ಒಂದೇ ರೀತಿಯ ಕಲೆಗೆ ಒಂದೊಂದು ಬಗೆಯ ಪ್ರಿಂಟರಿನಲ್ಲಿ ಒಂದೊಂದು ಕಾರಣ ಇರುತ್ತದೆ. ಅದಕ್ಕೆ ಮೊದಲು ಇದನ್ನು ತಿಳಿದುಕೊಳ್ಳಿ.

ಮೊದಲನೆಯದು ರಿಬ್ಬನ್ ಇರುವ ಪ್ರಿಂಟರ್. ಇದರ ವಿಧಾನಕ್ಕೆ ಡೈ ಸಬ್ಲಿಮೇಷನ್ ಅನ್ನುತ್ತಾರೆ. ಕ್ಯಾನನ್ ಸೆಲ್ಫಿ ಈ ಗುಂಪಿನದು. ತೆಳುವಾದ ರಿಬ್ಬನ್ ಮೇಲೆ ಬಣ್ಣದ ಪಟ್ಟಿಗಳಿರುತ್ತವೆ. ಮೊದಲು ಹಳದಿ, ಆಮೇಲೆ ಮೆಜೆಂಟಾ (ಗಾಢ ಗುಲಾಬಿ), ಆಮೇಲೆ ಸಯಾನ್ (ಹಸಿರು ಬೆರೆತ ತಿಳಿ ನೀಲಿ), ಕೊನೆಗೆ ಬಣ್ಣವಿಲ್ಲದ ರಕ್ಷಣೆಯ ಪದರ. ಪ್ರಿಂಟ್ ಹೆಡ್ ರಿಬ್ಬನ್ನನ್ನು ಬಿಸಿ ಮಾಡಿ ಬಣ್ಣವನ್ನು ಹಾಳೆಗೆ ಇಳಿಸುತ್ತದೆ. ಒಂದು ಫೋಟೋ ಮುಗಿಯಲು ಹಾಳೆ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ.

ಎರಡನೆಯದು ಝಿಂಕ್ (ZINK, ಅಂದರೆ ‘ಝೀರೋ ಇಂಕ್’). ಇದರಲ್ಲಿ ರಿಬ್ಬನ್ನೂ ಇಲ್ಲ, ಶಾಯಿಯೂ ಇಲ್ಲ. ಬಣ್ಣ ಹಾಳೆಯ ಒಳಗೇ ಇರುತ್ತದೆ. ಮೇಲೆ ಹಳದಿ, ನಡುವೆ ಮೆಜೆಂಟಾ, ಕೆಳಗೆ ಸಯಾನ್, ಹೀಗೆ ಮೂರು ಪದರ. ಹೆಡ್ ಎಷ್ಟು ಬಿಸಿ, ಎಷ್ಟು ಹೊತ್ತು ಕೊಡುತ್ತದೆ ಅನ್ನುವುದರ ಮೇಲೆ ಯಾವ ಪದರ ಎದ್ದೇಳಬೇಕು ಅನ್ನುವುದು ತೀರ್ಮಾನವಾಗುತ್ತದೆ. ಹಳದಿಗೆ ಜಾಸ್ತಿ ಬಿಸಿ, ಕಡಿಮೆ ಹೊತ್ತು. ಸಯಾನ್‌ಗೆ ಕಡಿಮೆ ಬಿಸಿ, ಜಾಸ್ತಿ ಹೊತ್ತು. ಹಾಳೆ ಒಂದೇ ಸಲ ಹಾದುಹೋಗುತ್ತದೆ. ಎಚ್‌ಪಿ ಸ್ಪ್ರಾಕೆಟ್‌ನಂಥ ಜೇಬಿನ ಪ್ರಿಂಟರುಗಳು ಈ ಬಗೆಯವು.

ಮೂರನೆಯದು ಫಿಲ್ಮ್ ಪ್ರಿಂಟರ್. ಫ್ಯೂಜಿಫಿಲ್ಮ್‌ನ ಇನ್‌ಸ್ಟ್ಯಾಕ್ಸ್ ಮಿನಿ ಲಿಂಕ್ ಇದಕ್ಕೆ ಉದಾಹರಣೆ. ಇಲ್ಲಿ ನಡೆಯುವುದು ಹಳೆಯ ಕ್ಯಾಮೆರಾದ ಕೆಲಸವೇ. ಫಿಲ್ಮಿನ ಮೇಲೆ ಬೆಳಕು ಬೀಳುತ್ತದೆ. ಆಮೇಲೆ ಎರಡು ರೋಲರುಗಳ ನಡುವೆ ಹಾದುಹೋಗುವಾಗ ಅಂಚಿನಲ್ಲಿರುವ ಔಷಧದ, ಅಂದರೆ ಚಿತ್ರ ಮೂಡಿಸುವ ರಾಸಾಯನಿಕದ, ಚೀಲ ಒಡೆದು ಒಳಗೆ ಹರಡುತ್ತದೆ. ಚಿತ್ರ ನಿಧಾನವಾಗಿ ಮೂಡುತ್ತದೆ.

ಶಾಯಿ ಸಿಂಪಡಿಸುವ ಪುಟ್ಟ ಇಂಕ್‌ಜೆಟ್‌ಗಳೂ ಇವೆ. ಅವುಗಳ ತೊಂದರೆಗಳೇ ಬೇರೆ. ಇಲ್ಲಿ ಅವನ್ನು ಸೇರಿಸಿಲ್ಲ.

ಮೊದಲ ಪರೀಕ್ಷೆ: ಫೋಟೋವನ್ನು ತಲೆಕೆಳಗು ಮಾಡಿ

ನಾನು ಮಾಡುವ ಪರೀಕ್ಷೆಗಳಲ್ಲಿ ಇದರಷ್ಟು ಸರಳವಾದದ್ದು, ಉಪಯೋಗಕ್ಕೆ ಬರುವಂಥದ್ದು ಇನ್ನೊಂದಿಲ್ಲ. ಕೆಟ್ಟ ಪ್ರಿಂಟ್ ಮೊದಲು ಹೊರಬಂದ ತುದಿಗೆ ಹಿಂಬದಿಯಲ್ಲಿ ಒಂದು ಬಾಣ ಗುರುತು ಹಾಕಿ. ಅದೇ ಫೋಟೋವನ್ನು ಫೋನಿನಲ್ಲಿ ಪೂರ್ತಿ ತಲೆಕೆಳಗು ಮಾಡಿ ಸೇವ್ ಮಾಡಿ. ಅದನ್ನು ಪ್ರಿಂಟ್ ಹಾಕಿ. ಹೊರಬಂದ ತುದಿಗಳು ಒಂದೇ ಕಡೆ ಬರುವಂತೆ ಎರಡನ್ನೂ ಪಕ್ಕಪಕ್ಕ ಇಡಿ.

ಕಲೆ ಹಾಳೆಯ ಅದೇ ಜಾಗದಲ್ಲಿದ್ದರೆ ತಪ್ಪು ಯಂತ್ರದ್ದು. ಫೋಟೋ ಜೊತೆ ಕಲೆಯೂ ತಿರುಗಿದ್ದರೆ ತಪ್ಪು ಫೈಲಿನದು. ಎಲ್ಲೋ ಬೇರೆ ಕಡೆ ಬಂದಿದ್ದರೆ, ಇಲ್ಲವೇ ಮಾಯವಾಗಿದ್ದರೆ, ಹಾಳೆ, ರಿಬ್ಬನ್, ಧೂಳು ಇವುಗಳನ್ನು ನೋಡಬೇಕು. ಒಂದು ಹಾಳೆ ಖರ್ಚಾಗುತ್ತದೆ, ನಿಜ. ಆದರೆ ಹುಡುಕಬೇಕಾದ ಜಾಗ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ.

ಒಂದು ಮಾತು ನೆನಪಿಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಫೈಲೂ ಬದಲು, ಹಾಳೆಯೂ ಬದಲು, ಚಾರ್ಜರೂ ಬದಲು ಮಾಡಿ ಪ್ರಿಂಟ್ ಚೆನ್ನಾಗಿ ಬಂದರೆ ಏನು ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ. ನಾಳೆ ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಶುರು.

ಚುಕ್ಕೆಗಳು: ಬಣ್ಣವೇ ಸುಳಿವು

ರಿಬ್ಬನ್ ಪ್ರಿಂಟರಿನಲ್ಲಿ ಚುಕ್ಕೆಯ ಬಣ್ಣ ನೋಡಿದರೆ ಧೂಳು ಯಾವಾಗ ಅಡ್ಡ ಬಂತು ಅನ್ನುವುದು ಕೂಡ ಗೊತ್ತಾಗುತ್ತದೆ. ಒಂದು ಕಣ ಹಳದಿ ಬಣ್ಣ ಇಳಿಯುವಾಗ ಮಾತ್ರ ಅಡ್ಡ ಇತ್ತು ಅಂದುಕೊಳ್ಳಿ. ಆ ಜಾಗಕ್ಕೆ ಮೆಜೆಂಟಾ, ಸಯಾನ್ ಬಿದ್ದಿರುತ್ತವೆ, ಹಳದಿ ಇರುವುದಿಲ್ಲ. ಅಲ್ಲಿ ನೀಲಿ ಚುಕ್ಕೆ ಕಾಣುತ್ತದೆ. ಅಜ್ಜಿಯ ಕೆನ್ನೆಯ ಮೇಲೆ ಬಂದದ್ದು ಇದೇ. ಮೆಜೆಂಟಾ ತಪ್ಪಿದ್ದರೆ ಚುಕ್ಕೆ ಹಸಿರು. ಸಯಾನ್ ತಪ್ಪಿದ್ದರೆ ಕೆಂಪು. ಕಣ ಮೂರೂ ಬಣ್ಣ ಮುಗಿಯುವ ತನಕ ಅಂಟಿಕೊಂಡೇ ಇದ್ದರೆ ಬಿಳಿ.

ಬಿಡಿ ಬಿಡಿಯಾಗಿ ಜಾಗ ಬದಲಿಸುವ ಚುಕ್ಕೆಗೆ ಯಂತ್ರ ಬಿಚ್ಚಬೇಕಿಲ್ಲ. ಹಾಳೆ ಮತ್ತು ರಿಬ್ಬನ್ನನ್ನು ಮುಚ್ಚಿದ ಚೀಲದಲ್ಲಿ ಇಡಿ. ಕೆಲಸ ಮುಗಿದ ಮೇಲೆ ರಿಬ್ಬನ್ ಇರುವ ಕಾರ್ಟ್ರಿಜ್ ಮತ್ತು ಹಾಳೆಯ ಟ್ರೇ ಹೊರಗೆ ತೆಗೆದು, ಅವುಗಳ ಬಾಗಿಲು ಮುಚ್ಚಿ. ಪ್ರಿಂಟರಿನ ಗಾಳಿ ಕಿಂಡಿಯಲ್ಲಿ ಕೂತ ಧೂಳನ್ನು ಒಣ ಬಟ್ಟೆಯಿಂದ ಒರೆಸಿ. ಕಾರ್ಟ್ರಿಜ್ ಕೂರುವ ಜಾಗಕ್ಕೆ ಕೈಯಿಂದ ಒತ್ತುವ ರಬ್ಬರ್ ಬ್ಲೋವರ್ ಸಾಕು. ಬಾಯಿಂದ ಊದಬೇಡಿ, ಎಂಜಲಿನ ಹನಿ ಬೀಳುತ್ತದೆ.

ಬೆರಳಿನ ಗುರುತು ಬೇರೆ ಕಥೆ. ಹಾಳೆಯ ಹೊಳೆಯುವ ಬದಿಯನ್ನು ಮುಟ್ಟಿದರೆ ಕೈಯ ಜಿಡ್ಡು ಉಳಿಯುತ್ತದೆ. ಅಲ್ಲಿ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಫೋಟೋದ ಅಂಚಿನ ಹತ್ತಿರ ಮೊಟ್ಟೆಯಾಕಾರದ ಮಸುಕು ಕಂಡರೆ ಅದು ನಿಮ್ಮ ಹೆಬ್ಬೆರಳೇ. ಹಾಳೆಯನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ.

ಚುಕ್ಕೆ ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುತ್ತಿದೆಯಾ? ಹಾಗಿದ್ದರೆ ಯಾವುದೋ ರೋಲರಿಗೆ ಏನೋ ಅಂಟಿದೆ. ರೋಲರ್ ಒಂದು ಸುತ್ತು ಮುಗಿಸಿದಾಗಲೆಲ್ಲ ಆ ಕೊಳೆ ಒಂದು ಗುರುತು ಒತ್ತುತ್ತದೆ. ಸ್ಕೇಲ್ ಇಟ್ಟು ಅಂತರ ಅಳೆದು ಅದನ್ನು 3.14ರಿಂದ ಭಾಗಿಸಿ. ಬಂದದ್ದು ಆ ರೋಲರಿನ ದಪ್ಪ. ಅಂತರ 31 ಮಿಲಿಮೀಟರ್ ಆದರೆ ರೋಲರ್ ಸುಮಾರು 10 ಮಿಲಿಮೀಟರಿನದು. ಒಳಗೆ ಎರಡು ಮೂರು ರೋಲರ್ ಇದ್ದಾಗ ಯಾವುದನ್ನು ಒರೆಸಬೇಕು ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಗೆರೆಗಳು: ಯಾವ ದಿಕ್ಕಿಗೆ?

ಹಾಳೆ ಚಲಿಸುವ ದಿಕ್ಕಿಗೆ ಉದ್ದಕ್ಕೆ ಇರುವ ಗೆರೆ, ಚಲನೆಗೆ ಅಡ್ಡಲಾಗಿ ಬರುವ ಗೆರೆ, ಓರೆಯಾಗಿ ಬರುವ ಗೆರೆ. ಮೂರಕ್ಕೂ ಬೇರೆ ಬೇರೆ ಕಾರಣ.

ಉದ್ದ ಗೆರೆ ಪ್ರತಿ ಪ್ರಿಂಟಿನಲ್ಲೂ ಅದೇ ಜಾಗದಲ್ಲಿ ಬಂದರೆ ಪ್ರಿಂಟ್ ಹೆಡ್ ಮೇಲೆ ಅನುಮಾನ ಪಡಬೇಕು. ಹೆಡ್ ಅಂದರೆ ಸಾಲಾಗಿ ಕೂತ ನೂರಾರು ಸಣ್ಣ ಬಿಸಿ ಬಿಂದುಗಳು. ಒಂದು ಇಂಚಿಗೆ ಸುಮಾರು 300 ಇರುತ್ತವೆ. ಒಂದರ ಮೇಲೆ ಕೊಳೆ ಕೂತರೂ, ಒಂದು ಸುಟ್ಟುಹೋದರೂ, ಆ ಬಿಂದುವಿನ ಕೆಳಗೆ ಹಾದುಹೋಗುವ ಜಾಗವೆಲ್ಲ ತೆಳುವಾದ ಬಿಳಿ ಗೆರೆಯಾಗುತ್ತದೆ. ಕೊಳೆಯಾದರೆ ಹೋಗುತ್ತದೆ. ಸುಟ್ಟಿದ್ದರೆ ಹೋಗುವುದಿಲ್ಲ.

ಝಿಂಕ್ ಇದ್ದವರಿಗೆ ಸುಲಭದ ದಾರಿಯಿದೆ. ಪ್ರತಿ ಪ್ಯಾಕಿನ ಜೊತೆ ಒಂದು ನೀಲಿ ಹಾಳೆ ಬರುತ್ತದೆ. ಅದು ಸುಮ್ನೆ ಕೊಟ್ಟ ರಟ್ಟಲ್ಲ. ಅದರ ಮೇಲಿನ ಬಾರ್‌ಕೋಡ್ ಓದಿ ಪ್ರಿಂಟರ್ ಆ ಪ್ಯಾಕಿಗೆ ತಕ್ಕಂತೆ ಬಣ್ಣ ಹೊಂದಿಸಿಕೊಳ್ಳುತ್ತದೆ. ಹಾದುಹೋಗುವಾಗ ಒಳಗಿನ ಕೊಳೆಯನ್ನೂ ಒರೆಸುತ್ತದೆ. ಬಾರ್‌ಕೋಡ್ ಕೆಳಮುಖವಾಗಿ ಇಟ್ಟು ಮತ್ತೊಮ್ಮೆ ಹಾಯಿಸಿ. ಎಷ್ಟೋ ಗೆರೆಗಳು ಅಲ್ಲಿಗೇ ಮುಗಿಯುತ್ತವೆ. ತುಂಬಾ ಜನ ಈ ಹಾಳೆಯನ್ನು ಮೊದಲ ದಿನವೇ ಬಿಸಾಡುತ್ತಾರೆ. ಆ ಪ್ಯಾಕ್ ಮುಗಿಯುವ ತನಕ ದಯವಿಟ್ಟು ಇಟ್ಟುಕೊಳ್ಳಿ. ಬೇರೆ ಪ್ಯಾಕಿನ ನೀಲಿ ಹಾಳೆಯನ್ನು ಈ ಪ್ಯಾಕಿಗೆ ಹಾಕಬೇಡಿ, ಬಣ್ಣದ ಹೊಂದಾಣಿಕೆ ತಪ್ಪಬಹುದು.

ರಿಬ್ಬನ್ ಪ್ರಿಂಟರಿನ ಹೆಡ್ ಮುಟ್ಟುವ ಮೊದಲು ಅದರ ಜೊತೆ ಬಂದ ಕೈಪಿಡಿ ಓದಿ. ಮುಟ್ಟಬಹುದು ಅಂತ ಬರೆದಿದ್ದರೆ ಮಾತ್ರ, ಅದು ಹೇಳಿದ ರೀತಿಯಲ್ಲೇ, ಪ್ರಿಂಟರ್ ಆಫ್ ಮಾಡಿ ತಣ್ಣಗಾದ ಮೇಲೆ. ಪಿನ್ನು, ಬ್ಲೇಡು, ಮರಳು ಕಾಗದ ಯಾವುದೂ ಬೇಡ. ಒಂದು ಗೀರು ಬಿದ್ದರೆ ಆ ಗೆರೆ ಶಾಶ್ವತ.

ಅಡ್ಡ ಗೆರೆ ಅಂದರೆ ಹಾಳೆ ಒಂದು ಕ್ಷಣ ತಡವರಿಸಿದೆ. ಬ್ಯಾಟರಿ ಇಳಿದಾಗ, ರೋಲರ್ ಜಾರಿದಾಗ, ಹೊರಬರುವ ಹಾಳೆಗೆ ಏನಾದರೂ ತಾಗಿದಾಗ ಹೀಗಾಗುತ್ತದೆ. ಪೂರ್ತಿ ಚಾರ್ಜ್ ಮಾಡಿ, ಸಮತಟ್ಟಾದ ಜಾಗದಲ್ಲಿ ಇಟ್ಟು ನೋಡಿ. ಕೈಯಲ್ಲಿ ಹಿಡಿದುಕೊಂಡು ಪ್ರಿಂಟ್ ಹಾಕಬೇಡಿ.

ಓರೆ ಗೆರೆ ಬಂದರೆ ರಿಬ್ಬನ್ ಸುಕ್ಕಾಗಿದೆ ಅಂತ ಅರ್ಥ. ಕಾರ್ಟ್ರಿಜ್ ಹೊರಗೆ ತೆಗೆದು ನೋಡಿ. ರಿಬ್ಬನ್ ಜೋತಾಡುತ್ತಿದ್ದರೆ ಅದರ ಚಕ್ರವನ್ನು ಮೆಲ್ಲಗೆ ತಿರುಗಿಸಿ, ಜೋಲು ಹೋಗುವಷ್ಟು ಮಾತ್ರ. ಜಾಸ್ತಿ ತಿರುಗಿಸಿದರೆ ಬಳಸದ ಪಟ್ಟಿಗಳು ಮುಂದೆ ಹೋಗುತ್ತವೆ. ಒಂದು ಫೋಟೋದಷ್ಟು ರಿಬ್ಬನ್ ದಂಡ.

ಒಂದು ಬಣ್ಣ ಪಕ್ಕಕ್ಕೆ ಸರಿದಿದೆಯಾ?

ಮುಖದ ಅಂಚಿನಲ್ಲಿ ಒಂದು ಕಡೆ ಕೆಂಪು ನೆರಳು, ಇನ್ನೊಂದು ಕಡೆ ನೀಲಿ ನೆರಳು. ಇದನ್ನು ಎಷ್ಟೋ ಜನ ಮಸುಕಾದ ಫೋಟೋ ಅಂತ ತಿಳಿಯುತ್ತಾರೆ. ಮಸುಕಲ್ಲ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ರಿಬ್ಬನ್ ಪ್ರಿಂಟರಿನಲ್ಲಿ ಹಾಳೆ ನಾಲ್ಕು ಸಲ ಓಡಾಡುತ್ತದೆ ಅಂದೆನಲ್ಲ, ಕೆಲವು ಮಾದರಿಗಳಲ್ಲಿ ಅದು ಹಿಂಬದಿಯಿಂದಲೂ ಹೊರಗೆ ಇಣುಕುತ್ತದೆ. ಪ್ರಿಂಟರನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಹಾಳೆ ಗೋಡೆಗೆ ತಾಗುತ್ತದೆ. ಹಿಂದೆ ಒಂದು ಗೇಣು ಜಾಗ ಬಿಡಿ. ಮಕ್ಕಳು ಮಧ್ಯದಲ್ಲೇ ಹಾಳೆ ಎಳೆಯದಂತೆ ನೋಡಿಕೊಳ್ಳಿ. ಮೊದಲ ಹಳದಿ ಚಿತ್ರ ಹೊರಬಂದಾಗ ಮುಟ್ಟಬೇಕು ಅಂತ ಆಸೆಯಾಗುವುದು ಸಹಜ.

ಝಿಂಕ್‌ನಲ್ಲಿ ಮೂರೂ ಬಣ್ಣ ಒಂದೇ ಓಟದಲ್ಲಿ ಮೂಡುತ್ತವೆ. ಅಲ್ಲಿ ಹೀಗೆ ಕಂಡರೆ ಫೈಲನ್ನೇ ದೊಡ್ಡದು ಮಾಡಿ ನೋಡಿ.

ಕತ್ತಲು, ಸಪ್ಪೆ ಬಣ್ಣ, ಮಸುಕು

ಅತಿ ಹೆಚ್ಚು ಕೇಳಿಬರುವ ದೂರು ಇದು. ಫೋನಿನಲ್ಲಿ ಬೆಳ್ಳಗಿತ್ತು, ಹಾಳೆಯಲ್ಲಿ ಕಪ್ಪಾಯಿತು. ಯಂತ್ರ ಸರಿಯಾಗಿಯೇ ಇರುತ್ತದೆ. ಫೋನಿನ ಪರದೆ ತಾನೇ ಬೆಳಕು ಕೊಡುತ್ತದೆ. ಹಾಳೆ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ವಾಪಸ್ ಕೊಡುತ್ತದೆ. ಫೋಟೋ ತಿದ್ದುವಾಗ ಪರದೆಯ ಬೆಳಕನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ. ಈಗ ಕಂಡದ್ದು ಹಾಳೆಯಲ್ಲಿ ಬರುವುದಕ್ಕೆ ಹತ್ತಿರ ಇರುತ್ತದೆ. ಪ್ರಿಂಟರಿನ ಆ್ಯಪ್ ತಾನಾಗಿ ಬಣ್ಣ ತಿದ್ದುತ್ತಿದೆಯಾ ಅಂತಲೂ ನೋಡಿ. ಫೋನಿನಲ್ಲಿ ಒಮ್ಮೆ, ಆ್ಯಪಿನಲ್ಲಿ ಇನ್ನೊಮ್ಮೆ ತಿದ್ದಿದರೆ ಮುಖಗಳು ಕಿತ್ತಳೆಯಾಗುತ್ತವೆ.

ಎಷ್ಟು ಬೆಳಕು ಏರಿಸಬೇಕು ಅಂತ ಹಾಳೆ ಹಾಳೆ ಹಾಕಿ ಹುಡುಕಬೇಡಿ. ಒಂದೇ ಫೋಟೋದ ನಾಲ್ಕು ಪ್ರತಿ ಮಾಡಿ. ಒಂದು ಇದ್ದ ಹಾಗೆ, ಉಳಿದವು ಸ್ವಲ್ಪ ಸ್ವಲ್ಪ ಜಾಸ್ತಿ ಬೆಳಕಿನವು. ನಾಲ್ಕನ್ನೂ ಕೊಲಾಜ್ ಮಾಡಿ ಒಂದೇ ಹಾಳೆಯಲ್ಲಿ ಹಾಕಿ. ಹಗಲಿನ ಬೆಳಕಿನಲ್ಲಿ ನೋಡಿ ಒಂದನ್ನು ಆರಿಸಿ, ಅದರ ಅಳತೆಯನ್ನು ಬರೆದಿಡಿ. ನನ್ನ ಈ ಹಾಳೆ ಪ್ರಿಂಟರಿನ ಡಬ್ಬದಲ್ಲೇ ಇದೆ. ಇವತ್ತಿಗೂ ಅದನ್ನು ನೋಡಿಯೇ ಫೋಟೋ ತಿದ್ದುತ್ತೇನೆ.

ಝಿಂಕ್ ಬಿಸಿಯನ್ನೇ ನಂಬಿದ ವಿಧಾನ. ಒಂದಾದ ಮೇಲೊಂದು ಹಾಕುತ್ತಾ ಹೋದರೆ ಹೆಡ್ ಕಾಯುತ್ತದೆ, ಬಣ್ಣ ಬದಲಾಗುತ್ತದೆ. ಪ್ರಿಂಟರ್ ತಾನೇ ನಿಂತರೆ ತಣ್ಣಗಾಗಲು ಬಿಡಿ. ಬಿಸಿಲಲ್ಲಿ ಇಟ್ಟ ಹಾಳೆಯೂ ಕೆಡುತ್ತದೆ.

ಮಸುಕಿಗೆ ಒಂದು ಸಣ್ಣ ಲೆಕ್ಕ ಇದೆ. 4×6 ಇಂಚಿನ ಫೋಟೋಗೆ ಇಂಚಿಗೆ 300 ಬಿಂದುಗಳಂತೆ 1200×1800 ಪಿಕ್ಸೆಲ್ ಬೇಕು. 2×3 ಇಂಚಿಗೆ 600×900 ಸಾಕು. 12 ಮೆಗಾಪಿಕ್ಸೆಲ್ ಫೋಟೋದಲ್ಲಿ 4000×3000 ಇರುತ್ತದೆ, ಧಾರಾಳ. ಆದರೆ ಗುಂಪಿನ ಫೋಟೋದಿಂದ ಒಬ್ಬರ ಮುಖವನ್ನು ಕತ್ತರಿಸಿದರೆ ಉಳಿಯುವುದು 500×700 ಇರಬಹುದು. ಅದು 4×6ರಲ್ಲಿ ಮಸುಕಾಗಲೇಬೇಕು. ಅದನ್ನೇ 2×3ರಲ್ಲಿ ಹಾಕಿದರೆ ನೋಡುವ ಹಾಗಿರುತ್ತದೆ. ಮೆಸೇಜಿನಲ್ಲಿ ಬಂದ ಫೋಟೋ ಸಾಮಾನ್ಯವಾಗಿ ಕುಗ್ಗಿರುತ್ತದೆ. ತೆಗೆದವರ ಹತ್ತಿರ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ. ಸ್ಕ್ರೀನ್‌ಶಾಟ್ ಬೇಡವೇ ಬೇಡ.

ತಲೆ ಕತ್ತರಿಸಿಹೋದ ಪ್ರಿಂಟೂ ಹಾಳಾದ ಪ್ರಿಂಟೇ ಅಲ್ವಾ? ಫೋನಿನ ಫೋಟೋದ ಉದ್ದ-ಅಗಲದ ಅನುಪಾತ ಸಾಮಾನ್ಯವಾಗಿ 4:3. 4×6, 2×3 ಹಾಳೆಗಳದು 3:2. ಅಂಚಿಲ್ಲದೆ ತುಂಬಿಸಿದರೆ ಒಂಬತ್ತರಲ್ಲಿ ಒಂದು ಪಾಲು ಹೊರಗೆ ಹೋಗುತ್ತದೆ. ಯಾವ ಪಾಲು ಹೋಗಬೇಕು ಅಂತ ನೀವೇ ಮೊದಲು ಕತ್ತರಿಸಿ. ಆ್ಯಪಿಗೆ ಬಿಡಬೇಡಿ.

ಫಿಲ್ಮ್ ಪ್ರಿಂಟರಿನ ವಿಶೇಷ ತೊಂದರೆಗಳು

ಫೋಟೋ ಪೂರ್ತಿ ಬಿಳಿಯಾಗಿ ಬಂದರೆ, ಇಲ್ಲವೇ ಒಂದು ಕಡೆ ಬೆಳ್ಳಗೆ ಸುಟ್ಟಂತಿದ್ದರೆ, ಫಿಲ್ಮಿಗೆ ಬೆಳಕು ತಾಗಿದೆ. ಎಷ್ಟು ಹಾಳೆ ಉಳಿದಿದೆ ನೋಡೋಣ ಅಂತ ಬಾಗಿಲು ತೆರೆದರೆ ಹೀಗಾಗುತ್ತದೆ. ಹತ್ತೂ ಮುಗಿಯುವ ತನಕ ತೆರೆಯಬೇಡಿ. ಮೂಲೆಯಲ್ಲಿ ಮಾತ್ರ ಚಿತ್ರ ಮೂಡದಿದ್ದರೆ ಔಷಧ ಅಲ್ಲಿಗೆ ಹರಡಿಲ್ಲ. ಹೊರಬರುವಾಗ ಫಿಲ್ಮಿಗೆ ಬೆರಳು ಅಡ್ಡ ಬಂದಿರುತ್ತದೆ, ಅಥವಾ ಬಾಗಿರುತ್ತದೆ. ಚಳಿಯಲ್ಲಿ ಬಣ್ಣ ಸಪ್ಪೆಯಾಗುತ್ತದೆ. ಮೂಡುವ ತನಕ ಫೋಟೋವನ್ನು ಬೆಚ್ಚಗಿನ ಒಳಜೇಬಿನಲ್ಲಿ ಬಾಗದಂತೆ ಇಡಿ. ಗಾಳಿಯಲ್ಲಿ ಅಲ್ಲಾಡಿಸುವುದರಿಂದ ಏನೂ ಲಾಭವಿಲ್ಲ.

ಈ ಫಿಲ್ಮನ್ನು ಕತ್ತರಿಸಬೇಡಿ. ಒಳಗಿನ ಔಷಧ ಕ್ಷಾರದ್ದು, ಚರ್ಮ ಸುಡುತ್ತದೆ. ಕೈಗೆ ತಾಗಿದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಅಥವಾ ಬಾಯಿಗೆ ಹೋದರೆ ತೊಳೆದು ವೈದ್ಯರ ಹತ್ತಿರ ಹೋಗಿ. ಪುಟ್ಟ ಮಕ್ಕಳಿಂದ ದೂರ ಇಡಿ.

ನಿಜವಾದ ಖರ್ಚು ಎಷ್ಟು?

ಪ್ಯಾಕಿನ ಬೆಲೆಯನ್ನು ಹಾಳೆಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ಅಂಗಡಿಯ ಲೆಕ್ಕ. ಮನೆಯ ಲೆಕ್ಕಕ್ಕೆ ಚೆನ್ನಾಗಿ ಬಂದ ಫೋಟೋಗಳ ಸಂಖ್ಯೆಯಿಂದ ಭಾಗಿಸಬೇಕು. ಹತ್ತು ಹಾಳೆಯಲ್ಲಿ ಎರಡು ಹಾಳಾದರೆ ಉಳಿದ ಒಂದೊಂದೂ ಶೇಕಡಾ 25 ದುಬಾರಿ. 36ರಲ್ಲಿ ಆರು ಹೋದರೆ ಶೇಕಡಾ 20.

ರಿಬ್ಬನ್ ಪ್ರಿಂಟರಿನಲ್ಲಿ ಇನ್ನೊಂದು ವಿಷಯ ಇದೆ. ಫೋಟೋದಲ್ಲಿ ಬರೀ ಬಿಳಿ ಆಕಾಶವಿದ್ದರೂ ನಾಲ್ಕೂ ಪಟ್ಟಿ ಪೂರ್ತಿ ಖರ್ಚು. ಹಾಳೆಯ ಅರ್ಧ ಖಾಲಿ ಬಿಟ್ಟರೂ ಅಷ್ಟೇ. ಅದಕ್ಕೆ ಸಣ್ಣ ಫೋಟೋಗಳನ್ನು ಒಟ್ಟಿಗೆ ಜೋಡಿಸಿ ಹಾಕುವುದು ಲಾಭ. ಪ್ರಿಂಟ್ ನಡುವೆ ಕರೆಂಟ್ ಹೋದರೆ, ಬ್ಯಾಟರಿ ಸತ್ತರೆ, ಆ ಫೋಟೋದ ರಿಬ್ಬನ್ ಮರಳಿ ಬರುವುದಿಲ್ಲ.  ಈ ಪ್ರಿಂಟರಿನ ಹಾಳೆಗಳನ್ನು ಇಂಕ್‌ಜೆಟ್‌ಗೆ ಹಾಕಬೇಡಿ, ಇಂಕ್‌ಜೆಟ್ ಹಾಳೆಯನ್ನು ಇದಕ್ಕೂ ಹಾಕಬೇಡಿ. ಲೇಪನ ಬೇರೆ, ರಿಬ್ಬನ್ ಅಂಟಿಕೊಂಡು ಹರಿಯಬಹುದು.

ಕಸದ ಬುಟ್ಟಿಗೆ ಹೋಗುವುದು

100×148 ಮಿಲಿಮೀಟರ್ ಹಾಳೆಗೆ ಬಣ್ಣದ ಪಟ್ಟಿಯೂ ಅಷ್ಟು ಉದ್ದ ಬೇಕೇಬೇಕು. ನಾಲ್ಕು ಪಟ್ಟಿ, 36 ಫೋಟೋ. ಗುಣಿಸಿದರೆ 21 ಮೀಟರ್ ದಾಟುತ್ತದೆ. ಒಂದು ಪುಟ್ಟ ಕಾರ್ಟ್ರಿಜ್‌ನಿಂದ ಅಷ್ಟುದ್ದದ ಪ್ಲಾಸ್ಟಿಕ್ ಹೊರಬರುತ್ತದೆ, ಜೊತೆಗೆ ಅದರ ಗೂಡು. ಈ ಅಳತೆ ಲೆಕ್ಕ ಹಾಕಿದ ಮೇಲೆ ಹಾಳೆ ದಂಡ ಮಾಡಲು ನನಗೆ ಮನಸ್ಸೇ ಬರುವುದಿಲ್ಲ. ಝಿಂಕ್‌ನಲ್ಲಿ ಕಾರ್ಟ್ರಿಜ್ ಇಲ್ಲ, ಕಸ ಕಡಿಮೆ. ಆದರೆ ಅದರ ಹಾಳೆ ಪ್ಲಾಸ್ಟಿಕ್ಕಿನದು. ರದ್ದಿ ಕಾಗದದ ಜೊತೆ ಸೇರಿಸಬಾರದು.

ಬಳಸಿದ ರಿಬ್ಬನ್ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ನೀವು ಹಾಕಿದ ಪ್ರತಿ ಫೋಟೋವೂ ನೆಗೆಟಿವ್ ಹಾಗೆ ಕಾಣುತ್ತದೆ. ಮಕ್ಕಳ ಮುಖ, ಗುರುತಿನ ಚೀಟಿಗೆ ತೆಗೆದ ಫೋಟೋ, ಎಲ್ಲವೂ. ಕಸಕ್ಕೆ ಹಾಕುವ ಮೊದಲು ಕತ್ತರಿಸಿ ಚೂರು ಮಾಡಿ.

ಚೆನ್ನಾಗಿ ಬಂದದ್ದನ್ನು ಉಳಿಸಿಕೊಳ್ಳುವುದೂ ಮುಖ್ಯ. ಮೆತ್ತಗಿನ ಪಿವಿಸಿ ಕವರಿನಲ್ಲಿ ಡೈ ಸಬ್ಲಿಮೇಷನ್ ಫೋಟೋ ಇಟ್ಟರೆ ಕಾಲಕ್ರಮೇಣ ಬಣ್ಣ ಕವರಿಗೆ ಇಳಿಯಬಹುದು. ಪಾಲಿಪ್ರೊಪಿಲೀನ್ ಕವರ್ ಇರುವ ಆಲ್ಬಮ್ ಆರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಗೆರೆ ಹೋಗದಿದ್ದರೆ

ಬೇರೆ ಪ್ಯಾಕಿನ ಹಾಳೆ ಹಾಕಿ ನೋಡಿದ್ದೀರಿ. ಪೂರ್ತಿ ಚಾರ್ಜ್ ಇದೆ. ಕೊಳೆ ಒರೆಸಿದ್ದೀರಿ. ಆದರೂ ಉದ್ದ ಬಿಳಿ ಗೆರೆ ಅದೇ ಜಾಗದಲ್ಲಿದೆ. ಹೆಡ್‌ನ ಬಿಂದು ಹೋಗಿರುವ ಸಾಧ್ಯತೆ ಜಾಸ್ತಿ. ಇನ್ನು ಹಾಳೆ ಖರ್ಚು ಮಾಡಬೇಡಿ. ರಿಪೇರಿಗೆ ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ. ಹೊಸದು ಕೊಳ್ಳುವ ಯೋಚನೆ ಬಂದರೆ ಮನೆಯಲ್ಲಿ ಉಳಿದಿರುವ ಹಾಳೆ, ರಿಬ್ಬನ್ ಹೊಸದಕ್ಕೆ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಅವೂ ಕಸವಾಗುತ್ತವೆ.

ರಿಪೇರಿಗೆ ಕೊಡುವಾಗ ರಿಬ್ಬನ್ ತೆಗೆದು ಮನೆಯಲ್ಲೇ ಇಡಿ. ಹಾಳಾದ ಮೂರು ಪ್ರಿಂಟ್ ಜೊತೆಗೆ ಕಳಿಸಿ. ಒಂದೊಂದರ ಹಿಂದೆಯೂ ತಾರೀಕು, ಯಾವ ಕಡೆಯಿಂದ ಹೊರಬಂತು, ಅದಕ್ಕೆ ಮೊದಲು ಏನು ಬದಲಾಯಿಸಿದಿರಿ ಅನ್ನುವುದನ್ನು ಬರೆಯಿರಿ. ಮೇಜಿನ ಆ ಕಡೆ ಕೂತವರಿಗೆ ಪ್ರಿಂಟರ್ ಆನ್ ಮಾಡುವ ಮೊದಲೇ ಅರ್ಧ ವಿಷಯ ತಿಳಿದಿರುತ್ತದೆ.